ಇಸ್ತ್ರಿ ಗಾಡಿಗೆ ಮಧ್ಯಾಹ್ನದ ರಜೆ

ಬಿಸಿಲಿನ ಬಗ್ಗೆ ಬುದ್ಧಿ ಹೇಳಲು ಹೊರಟಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಬಿ.ಎಸ್ಸಿ. ಪದವೀಧರ. ಕಾಕ್ಸ್ ಟೌನಿನ ನಮ್ಮ ಬೀದಿಯಲ್ಲಿ ಬೇಸಿಗೆಯ ನಡುಮಧ್ಯಾಹ್ನ ಯಾರೂ ಬೇಯದಂತೆ ನೋಡಿಕೊಳ್ಳುವ ಕೆಲಸ ನಾನೇ ವಹಿಸಿಕೊಂಡದ್ದು. ಪಟ್ಟಿಯಲ್ಲಿ ಮೊದಲಿಗರು ಮೂಲೆಯ ಇಸ್ತ್ರಿ ಅಣ್ಣ. ವಯಸ್ಸು ಅರವತ್ತರ ಹತ್ತಿರ, ತಲೆಯ ಮೇಲೆ ತಗಡಿನ ಸೂರು, ಕೈಯಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆ. ಹೋದ ವರ್ಷ ತಲೆಸುತ್ತಿ ಬಿದ್ದಿದ್ದರು. ಮತ್ತೆ ಬೀಳಬಾರದು, ಅಷ್ಟೆ.

೧. ಥರ್ಮಾಮೀಟರ್

ತಗಡಿನ ಕೆಳಗೆ ಥರ್ಮಾಮೀಟರ್ ತೂಗುಹಾಕಿದೆ.

“ನಲವತ್ತೊಂದು ಅಣ್ಣಾ. ಹನ್ನೆರಡರಿಂದ ಮೂರು ನಿಲ್ಲಿಸಿ.”

“ಅದನ್ನ ನನ್ನ ಪೆಟ್ಟಿಗೆ ಮೇಲಿಡು ತಂಬಿ, ಎಷ್ಟು ಬರುತ್ತೆ ನೋಡೋಣ.”

“ಒಡೆದುಹೋಗುತ್ತೆ.”

“ಹಂಗಾದ್ರೆ ಬಿಸಿ ತಡೆಯೋಕಾಗದೆ ಇರೋದು ಅದಕ್ಕೆ. ಅದನ್ನ ಮನೆಗೆ ಕರ್ಕೊಂಡ್ಹೋಗು.”

೨. ಗೆರೆ ಬಾಟಲಿ

ಗಂಟೆಗೆ ಇಷ್ಟು ನೀರು ಎಂದು ಗೆರೆ ಎಳೆದು ಬಾಟಲಿ ಕೊಟ್ಟೆ. ಮೂರು ದಿನವೂ ಸಂಜೆಗೆ ಖಾಲಿ. ನನ್ನ ಲೆಕ್ಕದ ಪುಸ್ತಕದಲ್ಲಿ ಟಿಕ್ ಹಾಕಿದೆ. ನಾಲ್ಕನೇ ದಿನ, ಬೀದಿಗೆಲ್ಲ ಚಿಕ್ಕಮ್ಮನಂತಿರುವ ಎದುರು ಮನೆ ಖಾಲಾ ಕರೆದು, “ನಿನ್ನ ನೀರು ಒಳ್ಳೇದು ಬೇಟಾ, ನಮ್ಮ ಪರದೆಗಳಲ್ಲಿ ಒಂದು ಸುಕ್ಕಿಲ್ಲ ನೋಡು” ಅಂದರು.

ಓಡಿ ಹೋಗಿ ಕೇಳಿದೆ. ಅಣ್ಣನಿಗೆ ಬೇಸರವಾಯಿತು.

“ಗೆರೆ ತಪ್ಪಿಲ್ಲ ತಂಬಿ. ಒಂದು ಗೆರೆ ಚಿಮುಕಿಸಿದ್ರೆ ನಾಲ್ಕು ಅಂಗಿ.”

೩. ಶರಬತ್ತು

“ಬುದ್ಧಿ ಯಾರಿಗೆ ಬೇಕು? ಶರಬತ್ತು ಕೊಡ್ತೀನಿ, ತಾನೇ ಕೂತ್ಕೋತಾನೆ” ಎಂದರು ಖಾಲಾ. ಅಣ್ಣ ಅವರ ಪೋರ್ಟಿಕೋದ ನೆರಳಲ್ಲಿ ಎರಡು ಲೋಟ ಕುಡಿದು ಎದ್ದುನಿಂತರು.

“ಈಗ ಐದು ಗಂಟೆ ತನಕ ಚಿಂತೆಯಿಲ್ಲ.”

“ಒಂದು ಮೂರು ಗಂಟೆ ಮುಚ್ಚಿದ್ರೆ ಏನಾಗುತ್ತೆ ಅಣ್ಣಾ?”

“ಬಟ್ಟೆ ತಂದವರಿಗೆ ಏನು ಹೇಳ್ಲಿ? ಇಸ್ತ್ರಿಯವನಿಗೆ ಶಾಖ ಆಗಲ್ಲ ಅಂದ್ರೆ ಬೀದಿ ನಗುತ್ತೆ.”

ಖಾಲಾ ಆಗಲೇ ನಗುತ್ತಿದ್ದರು.

೪. ಪುರಾವೆ

ಕೊನೆಗೆ ಪುರಾವೆ ಬೇಕೆನಿಸಿತು. ಹನ್ನೆರಡಕ್ಕೆ ತಗಡಿನ ಕೆಳಗೆ ನಿಂತು, ಕಾಲು ಗಂಟೆಗೊಮ್ಮೆ ಉಷ್ಣಾಂಶ, ಅಣ್ಣನ ನಾಡಿ, ಅಣ್ಣ ಕುಡಿದ ನೀರು, ಎಲ್ಲ ಬರೆದೆ. ನಾನು ಕುಡಿಯುವ ನೀರಿಗೆ ಕಾಲಂ ಹಾಕಿರಲಿಲ್ಲ. ಒಂದೂಮುಕ್ಕಾಲಿಗೆ ಅಂಕೆಗಳು ತೇಲತೊಡಗಿದವು.

ಕಣ್ಣು ಬಿಟ್ಟಾಗ ಇಸ್ತ್ರಿ ಗಾಡಿಯ ಮೇಲೆ ಮಲಗಿದ್ದೆ. ಅಣ್ಣ ಪೆಟ್ಟಿಗೆ ಕೆಳಗಿಟ್ಟು, ನನ್ನನ್ನು ಹೇರಿಕೊಂಡು, ಗಾಡಿಯನ್ನು ಖಾಲಾ ಪೋರ್ಟಿಕೋಗೆ ತಳ್ಳಿದ್ದರು. ಅಂಗಿಗೆ ಚಿಮುಕಿಸುವ ಹಾಗೆಯೇ ನನ್ನ ಮೇಲೆ ನೀರು ಚಿಮುಕಿಸುತ್ತಿದ್ದರು. ಗೆರೆ ಬಾಟಲಿಯದೇ. ಖಾಲಾ ನನ್ನ ಪುಸ್ತಕದಿಂದ ಗಾಳಿ ಹಾಕುತ್ತಿದ್ದರು.

ಅಷ್ಟರಲ್ಲಿ ಒಬ್ಬರು ಪ್ಯಾಂಟು ಹಿಡಿದು ಬಂದರು.

“ಗಾಡಿ ಖಾಲಿಯಿಲ್ಲ ಸಾರ್. ಮೂರರ ಮೇಲೆ ಬನ್ನಿ.”

ಅವರು ನನ್ನನ್ನೊಮ್ಮೆ ನೋಡಿ, ಪ್ಯಾಂಟು ಮಡಚಿಕೊಂಡು ಹೋದರು. ಯಾರೂ ನಗಲಿಲ್ಲ. ಅಣ್ಣ ಅದನ್ನು ಗಮನಿಸಿದಂತಿತ್ತು.

ಮರುದಿನ ಹನ್ನೆರಡಕ್ಕೆ ಸರಿಯಾಗಿ ಗಾಡಿ ಪೋರ್ಟಿಕೋಗೆ ಬಂತು. ಕೆಂಡ ಆರಿತ್ತು. ಅಣ್ಣ ಕೂತು ಶರಬತ್ತು ಕುಡಿಯುತ್ತಿದ್ದರು. ನಾನು ಗೆದ್ದೆ ಅಂದುಕೊಂಡು ಗೇಟಿನ ಹತ್ತಿರ ಬಂದೆ. ಒಳಗೆ ಅದೇ ಪ್ಯಾಂಟಿನವರು ಕೇಳುತ್ತಿದ್ದರು: “ಏನಣ್ಣ, ಬಿಸಿಲಿಗೆ ಹೆದರಿಬಿಟ್ರಾ?”

“ನನಗೇನಾಗುತ್ತೆ ಸಾರ್? ನಾನು ಅಲ್ಲಿ ನಿಂತ್ರೆ ಆ ತಂಬಿ ಬುದ್ಧಿ ಹೇಳೋಕೆ ಬಂದ್ಬಿಡ್ತಾನೆ. ಪಾಪ, ಓದಿರೋ ಹುಡುಗ, ಶಾಖ ತಡ್ಕೊಳ್ಳಲ್ಲ. ಅವನಿಗೋಸ್ಕರ ಮುಚ್ಚಿದೀನಿ.”