ಒಂದೇ ಹಾಸಿನ ಎರಡು ಶಲ್ಯ

ಚುನಾವಣಾ ಸಭೆಯನ್ನು ಒಂದು ದಿನ ಮುಂಚೆಯೇ ಇಟ್ಟುಕೊಂಡದ್ದೇ ಎಲ್ಲಕ್ಕೂ ಕಾರಣ.

ಮೊಳಕಾಲ್ಮುರಿನ ನೇಕಾರ ಪೆದ್ದಣ್ಣ ಸೋಲಾರ್ ಕಂಪನಿಯೊಂದಕ್ಕೆ ಎರಡು ರೇಷ್ಮೆ ಶಲ್ಯ ನೇಯ್ದಿದ್ದ. ಒಂದರ ತುದಿಯಲ್ಲಿ ಕೊಡೆ ಗುರುತು, ಅದು ಅಭ್ಯರ್ಥಿ ಕ್ಯಾತಪ್ಪನವರಿಗೆ. ಇನ್ನೊಂದರಲ್ಲಿ ಕುಕ್ಕರ್, ಅದು ಎದುರಾಳಿ ಓಬಳೇಶನಿಗೆ. ಎರಡರ ಅಂಚಿಗೂ ಕಂಪನಿಯದೇ ಹೆಸರು. ಯಾರು ಗೆದ್ದರೂ ದನ ಮೇಯುವ ಸರ್ಕಾರಿ ಕಾವಲಿನಲ್ಲಿ ಕಂಪನಿಗೆ ಜಾಗ ಸಿಗಬೇಕಲ್ಲ. ಶಲ್ಯ ಮೆಚ್ಚುಗೆಯಾದರೆ ಇಬ್ಬರ ಕಡೆಯವರಿಗೂ ಇನ್ನೂರಿನ್ನೂರು ನೇಯಿಸುವುದಾಗಿ ಕಂಪನಿಯ ಸಾಯಿಕುಮಾರ್ ಮಾತು ಕೊಟ್ಟಿದ್ದ. ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು, ಅಷ್ಟೇ ಷರತ್ತು. ಆರು ತಿಂಗಳಿಂದ ಸುಮ್ಮನಿದ್ದ ಮಗ್ಗಕ್ಕೆ ವರ್ಷದ ಕೆಲಸ ಸಿಗುತ್ತದೆಂದು ಪೆದ್ದಣ್ಣ ನೆಲದ ಮೇಲೆ ಕಾಲೂರಿರಲಿಲ್ಲ.

ಮಗ್ಗದ ಒಂದೇ ಹಾಸಿನಲ್ಲಿ, ಅದೇ ಉದ್ದೆಳೆಗಳ ಮೇಲೆ ಒಂದರ ಹಿಂದೊಂದು ನೇಯ್ದ ಶಲ್ಯಗಳು ಇನ್ನೂ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಬೆಳಿಗ್ಗೆ ಸಾಯಿಕುಮಾರನ ಫೋನು ಬಂತು. "ಕ್ಯಾತಪ್ಪೋರ ಸಭೆ ನಾಳೆ ಅಲ್ಲ, ಇವತ್ತೇ. ಚಳ್ಳಕೆರೆಗೆ ಹೊರಡ್ರಿ."

ಪೆದ್ದಣ್ಣ ಕತ್ತರಿ ಎತ್ತಿದ. ಹೆಂಡತಿ ಎರ್ರಮ್ಮ ಕೈ ಹಿಡಿದಳು. "ಅಮಾವಾಸ್ಯೆ ದಿನ ಹೊಸ ಬಟ್ಟೆಗೆ ಕತ್ರಿ ಹಾಕ್ತೀರಾ? ನಿಮ್ಮವ್ವ ಇದ್ದಿದ್ರೆ ಬಿಡ್ತಿದ್ರಾ?"

ಪಕ್ಕದ ಮನೆಯ ಮೂಗಮ್ಮ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು. "ಕತ್ರಿ ಯಾಕಪ್ಪ? ಕುಕ್ಕರ್ ಒಳಗಾಗಂಗೆ ಮಡಿಚ್ಕೊಂಡು ಹೋಗು. ಮೇಲೆ ಕೊಡೆ ಕಂಡ್ರೆ ಸಾಕು."

ಬಸ್ಸಿನುದ್ದಕ್ಕೂ ಪೆದ್ದಣ್ಣ ಮಡಿಕೆ ಬಿಚ್ಚದಂತೆ ಗಂಟನ್ನು ಅಪ್ಪಿಕೊಂಡೇ ಕೂತ. ವೇದಿಕೆಯ ಹಿಂದೆ ವಿಷಯ ಕೇಳಿದ ಸಾಯಿಕುಮಾರನಿಗೆ ಕತ್ತರಿ ಹುಡುಕಲೂ ಹೊತ್ತಿರಲಿಲ್ಲ. ಮಡಿಕೆಗೆ ನಾಲ್ಕು ಪಿನ್ನು ಚುಚ್ಚಿ, ದೇವರಿಗೆ ಕೈಮುಗಿದು ಇಬ್ಬರೂ ಸೇರಿ ವೇದಿಕೆ ಮೇಲೆ ಕ್ಯಾತಪ್ಪನವರಿಗೆ ಹೊದಿಸಿದರು. ಕೊಡೆ ಥಳಥಳಿಸಿತು, ಜನ ಶಿಳ್ಳೆ ಹೊಡೆದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು.

"ಪೂರ್ತಿ ಬಿಚ್ಚಿ ಹೊದಿಸ್ರಲೇ, ಫೋಟೋದಾಗೆ ಬರ್ಲಿ" ಎಂದು ಅಭಿಮಾನಿಯೊಬ್ಬ ತುದಿ ಹಿಡಿದು ಎಳೆದ. ಪಿನ್ನು ಕಿತ್ತು ಬಂದವು. ಶಲ್ಯ ಬಂತು, ಬಾವಿಯ ಹಗ್ಗದಂತೆ ಬರುತ್ತಲೇ ಇತ್ತು. ಕೊನೆಗೆ ಕುಕ್ಕರ್ರೂ ಬಂತು. ದೊಡ್ಡ ಪರದೆಯ ಮೇಲೆ ಎರಡೂ ಗುರುತು, ಉದ್ದಕ್ಕೂ ಕಂಪನಿಯ ಹೆಸರು.

ಶಿಳ್ಳೆ ಹೊಡೆದವರೇ ಎದ್ದು ನಿಂತು ಪರದೆ ಓದತೊಡಗಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಪೆದ್ದಣ್ಣನಿಗೆ. ಆದರೆ ಕ್ಯಾತಪ್ಪನವರು ಮೂವತ್ತು ವರ್ಷ ಮೈಕು ಹಿಡಿದವರು.

"ನಾನು ಹೇಳಾದನ್ನ ಶಲ್ಯನೇ ಹೇಳೈತೆ. ಇವತ್ತಿಂದ ನಾನೂ ಓಬಳೇಶನೂ ಒಂದೇ."

ಚಪ್ಪಾಳೆಯೋ ಚಪ್ಪಾಳೆ. ಸೇರಿಕೊಂಡರೆ ಇಬ್ಬರಿಗೂ ಪಾಲುಂಟೆಂದು ಕಂಪನಿಯಿಂದ ಓಬಳೇಶನಿಗೆ ಫೋನು ಹೋಯಿತು. ಗಂಟೆಯೊಳಗೆ ಆತನೂ ಓಡಿಬಂದು ಕ್ಯಾತಪ್ಪನವರನ್ನು ತಬ್ಬಿಕೊಂಡ, ಅದೇ ಶಲ್ಯದ ಇನ್ನೊಂದು ತುದಿ ಹೊದ್ದು ನಿಂತ.

ಸಾಯಿಕುಮಾರ್ ಪೆದ್ದಣ್ಣನ ಬೆನ್ನು ತಟ್ಟಿದ. "ನಿಮ್ಮಿಂದ ಕಂಪನಿಗೆ ಭಾರಿ ಖರ್ಚು ಉಳೀತು, ಪೆದ್ದಣ್ಣ."

ಪೆದ್ದಣ್ಣನಿಗೆ ಹೋದ ಜೀವ ಬಂತು. "ಹಂಗಾರೆ ಆ ನಾನೂರು ಶಲ್ಯ, ಸಾರ್?"

"ಎದುರಾಳಿನೇ ಇಲ್ಲ ಅಂದ್ಮೇಲೆ ಪ್ರಚಾರ ಯಾಕ್ರಿ? ಇಬ್ಬರಿಗೂ ಇದೊಂದೇ ಸಾಕು. ಉದ್ದ ಬೇಕಾದಷ್ಟು ಐತಲ್ಲ."