ಒಂಟೆಗೆ ನೀರು ಸೇದಿದ ಹುಡುಗಿಯ ಪಟ

ನಾನು ಜಾಣ ಹೌದೋ ಅಲ್ಲವೋ, ಹಟಮಾರಿಯಂತೂ ಹೌದು. ಗೋಡೆಗೆ ಮೊಳೆ ಹೊಡೆದೆನೆಂದರೆ ಮುಗಿಯಿತು, ಕೀಳುವ ಮಾತಿಲ್ಲ. ಮಧುಗಿರಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದ ನನಗೆ ಶಿರಾದ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪಟ ಸಿಕ್ಕಿತು. ಪೂರ್ವದೇಶವೆಂದರೆ ಬರೀ ಮರಳು, ರೇಷ್ಮೆ, ಬಂಗಾರ ಎಂದು ನಂಬಿದ್ದ ಯಾವನೋ ಯುರೋಪಿನವನು ಬರೆದ ಬೈಬಲ್ ಕಥೆಯ ಚಿತ್ರ. ಒಂದು ಬಾವಿ, ಗಡ್ಡದ ಮುದುಕ, ಒಂಟೆಗಳ ಸಾಲು, ಮೈತುಂಬ ಒಡವೆ ಹೇರಿಕೊಂಡು ಕೊಡ ಬಗ್ಗಿಸಿದ ಹುಡುಗಿ. ತಂದು ನಡುಮನೆಯಲ್ಲಿ ನೇತುಹಾಕಿದೆ.

"ಭಾನುವಾರ ಕೊಳಾಲದಿಂದ ಸುಧಾನ ನೋಡೋಕೆ ಬರ್ತಾರೆ, ಅಷ್ಟರಲ್ಲಿ ಇದನ್ನ ಇಳಿಸಿ" ಎಂದಳು ಹೆಂಡತಿ. ಮಗಳಿಗೆ ಬಂದಿದ್ದ ಎರಡು ಸಂಬಂಧ ಏನೇನೋ ನೆಪಕ್ಕೆ ತಪ್ಪಿದ್ದವು. ಇದೂ ತಪ್ಪೀತೆಂದು ಅವಳಿಗೆ ಭಯ. ನನಗೂ ಭಯವೇ, ಆದರೆ ಒಪ್ಪಿಕೊಂಡರೆ ಪಟ ಇಳಿಸಬೇಕಲ್ಲ! "ಇದೂ ಹೆಣ್ಣು ನೋಡೋ ಶಾಸ್ತ್ರದ್ದೇ ಕಣೆ, ಇಳಿಸಲ್ಲ" ಎಂದೆ.

ಭಾನುವಾರ ಹುಡುಗನ ತಾಯಿ ಉಪ್ಪಿಟ್ಟು ಮುಟ್ಟುವ ಮೊದಲೇ ಗೋಡೆ ನೋಡಿದರು. "ಮೇಷ್ಟ್ರೇ, ಇಷ್ಟೊಂದು ಒಡವೆ ಹಾಕ್ಕೊಂಡು ಯಾರಾದ್ರೂ ನೀರಿಗೋಯ್ತಾರಾ?"

ಕೇಳಿದ್ದೇ ತಡ, ಪಾಠ ಶುರು ಮಾಡಿದೆ. ಒಡವೆ ಕೊಟ್ಟದ್ದು ಆಮೇಲೆ, ಚಿತ್ರಕಾರನಿಗೆ ಅವಸರ. ಈ ಮುದುಕ, ತನ್ನ ಯಜಮಾನನ ಮಗನಿಗೆ ಹೆಣ್ಣು ಹುಡುಕಲು ಬಂದ ಆಳು. ಕುಡಿಯಲು ನೀರು ಕೇಳಿದ. ಹುಡುಗಿ ಕೊಟ್ಟಳು, ಕೇಳದೆಯೇ ಹತ್ತು ಒಂಟೆಗೂ ಸೇದಿ ಹಾಕಿದಳು. ಗುಣ ತಿಳಿಯಿತು, ಸಂಬಂಧ ಕುದುರಿತು.

"ಹತ್ತು ಒಂಟೆಗಾ! ನಮ್ ಎರಡು ಎಮ್ಮೆಗೇ ನನ್ ರಟ್ಟೆ ಬಿದ್ದೋಗ್ತಿತ್ತು ಬುಡಿ. ಆವಯ್ಯ ಏನ್ ಮಾಡ್ತಿದ್ದ?"

"ನೋಡ್ತಾ ನಿಂತಿದ್ದ."

ಕಾಫಿ ತಂದ ಸುಧಾ ತಟ್ಟೆ ಕೆಳಗಿಟ್ಟಳು. "ಪರೀಕ್ಷೆ ಚೆನ್ನಾಗಿದೆ. ಹಾಗಾದ್ರೆ ಇವತ್ತು ಇವರು ಎಲ್ಲರಿಗೂ ನೀರು ತಂದುಕೊಡಲಿ" ಎಂದು ಹುಡುಗನತ್ತ ನೋಡಿದಳು.

ಹೆಂಡತಿಯ ಮುಖ ಬಿಳಿಚಿಕೊಂಡಿತು. ಮೂರನೆಯದೂ ಹೋಯಿತು ಎಂದುಕೊಂಡೆ. ಆದರೆ ಆ ತಾಯಿ ನಕ್ಕುಬಿಟ್ಟರು. "ಏಳ್ಲಾ, ಕೇಳ್ತಾವ್ಳಲ್ಲ, ತಂದ್ಕೊಡು."

ಬಂದ ನೆಂಟರಿಂದ ಕೆಲಸ ಮಾಡಿಸುವುದೇ? ಮಾನ ಉಳಿಸಲೇಬೇಕೆಂದು ನಾನೇ ಅಡುಗೆಮನೆಗೆ ನುಗ್ಗಿದೆ. ಒಂದು ಕಪಾಟು ತೆಗೆದೆ, ಬೇಳೆ ಡಬ್ಬಿಗಳು. ಇನ್ನೊಂದರಲ್ಲಿ ಹಪ್ಪಳ. ಲೋಟ ಎಲ್ಲೂ ಇಲ್ಲ. ಹಿಂದೆಯೇ ಬಂದ ಹುಡುಗ, ತೊಳೆದ ಪಾತ್ರೆಯ ಬುಟ್ಟಿಯಿಂದ ಲೋಟ ತೆಗೆದು, ನೀರು ತುಂಬಿಸಿ, ಮೊದಲು ನನ್ನ ಹೆಂಡತಿಗೇ ಕೊಟ್ಟ. ಸುಧಾ ಅಲ್ಲೇ ಒಪ್ಪಿದಳು.

ಅವರು ಹೊರಟ ಮೇಲೆ "ಪಟದ ಬೆಲೆ ಈಗ ಗೊತ್ತಾಯ್ತಾ?" ಎಂದು ಬೀಗಿದೆ. ಹೆಂಡತಿ ಅದನ್ನು ಮೊದಲ ಸಲ ನಿಧಾನವಾಗಿ ನೋಡಿದಳು.

"ಗೊತ್ತಾಯ್ತು. ನೀವು ನನ್ನ ನೋಡೋಕೆ ಬಂದ ದಿನ ನಮ್ಮಪ್ಪ ಇದನ್ನ ನೇತುಹಾಕಿದ್ದಿದ್ರೆ, ನಾನು ಪಾರಾಗ್ತಿದ್ದೆ."