ವಿಂಚಿಗೆ ಒಡೆದ ತೆಂಗಿನಕಾಯಿ

ಮದುವೆ ಮನೆಯಲ್ಲಿ ಡಾಕ್ಟರನ್ನು ಕಂಡವರು ನಾಲಿಗೆ ಚಾಚುತ್ತಾರೆ, ವಕೀಲರನ್ನು ಕಂಡವರು ಹೊಲದ ಬದುವಿನ ಜಗಳ ತೆಗೆಯುತ್ತಾರೆ, ನನ್ನನ್ನು ಕಂಡವರು ಕತ್ತೆತ್ತಿ ಫ್ಯಾನು ನೋಡುತ್ತಾರೆ. ಹೊಸಪೇಟೆಯಲ್ಲಿ ಹುಡುಗರಿಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿಸುವ ಮೇಷ್ಟ್ರು ನಾನು. ಯಾರ ಮನೆಗೆ ಊಟಕ್ಕೆ ಹೋದರೂ ಎಲೆ ಹಾಕುವ ಮೊದಲು ಒಂದು ಸ್ವಿಚ್ಚು ರಿಪೇರಿ ಮಾಡಿಸಿಕೊಳ್ಳುತ್ತಾರೆ. ನನಗೆ ಬೇಸರವೇನೂ ಇರಲಿಲ್ಲ. ಕರೆಯುವವರಿದ್ದಾರಲ್ಲ ಎಂದು ಹಿಗ್ಗುವ ಜಾತಿ ನನ್ನದು. ನಮ್ಮ ಮನೆಯ ಮಿಕ್ಸಿ ಮಾತ್ರ ಸತ್ತು ಕಪಾಟಿನ ಮೇಲೆ ಕೂತಿತ್ತು, ನನ್ನ ಹೆಂಡತಿ ಸರೋಜಾ ದಿನಾ ಚಟ್ನಿಯನ್ನು ಒರಳಿನಲ್ಲಿ ರುಬ್ಬುತ್ತ ನನಗೆ ಕೇಳುವಷ್ಟು ಸದ್ದು ಮಾಡುತ್ತಿದ್ದಳು.

ಕರೆಯುವವರು ಎಷ್ಟೇ ಇದ್ದರೂ ನನಗೆ ಗೆಳೆಯ ಅಂತ ಇದ್ದವನು ಒಬ್ಬನೇ, ಹುಲುಗಪ್ಪ. ಕಂಪ್ಲಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಕಾಲುವೆಯಲ್ಲಿ ಈಜು ಕಲಿತವರು. ಭಾನುವಾರ ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, "ಪಂಪ್ಯಾ, ನೀ ಸುಡುಗಾಡು ಮೇಷ್ಟ್ರಾಗಿ ಕೆಟ್ಟಿ ನೋಡಲೇ" ಎಂದು ಬೈದು ಹೋದರೆ ನನ್ನ ವಾರ ಶುರುವಾಗುತ್ತಿತ್ತು. ಪಂಪಾಪತಿ ಎಂಬ ನನ್ನ ಹೆಸರನ್ನು ಇಷ್ಟು ಹಾಳು ಮಾಡುವ ಹಕ್ಕು ಭೂಮಿಯ ಮೇಲೆ ಅವನೊಬ್ಬನಿಗೇ ಇತ್ತು.

ಆಮೇಲೆ ಸಂಡೂರಿನ ಗುಡ್ಡದ ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುವ ಕಾಲ ಬಂತು. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪಾಗುತ್ತಿತ್ತು. ನಿನ್ನೆ ಸೈಕಲ್ಲಿನಲ್ಲಿ ಬಂದವನು ಇವತ್ತು ಕಾರಿನ ಗಾಜು ಇಳಿಸಿ ನಮಸ್ಕಾರ ಅನ್ನುತ್ತಿದ್ದ, ನಾಳೆ ಗಾಜನ್ನೂ ಇಳಿಸುತ್ತಿರಲಿಲ್ಲ. ಹುಲುಗಪ್ಪ ಎರಡು ಲಾರಿ ಇಟ್ಟ, ಲಾರಿಗಳು ಮರಿ ಹಾಕಿದವು, ವಡ್ಡು ಎಂಬ ಊರಿನ ಹತ್ತಿರ ಅದಿರು ಸುರಿಯಲು ಬಯಲು ಹಿಡಿದ. ಭಾನುವಾರದ ಒಗ್ಗರಣೆ ತಿಂಗಳಿಗೊಮ್ಮೆಯಾಗಿ, ಹಬ್ಬಕ್ಕೊಮ್ಮೆಯಾಗಿ ನಿಂತುಹೋಯಿತು. ಅವನಿಗೆ ಕೆಲಸ ಜಾಸ್ತಿ ಎಂದು ಸರೋಜಾಗೆ ಹೇಳುತ್ತಿದ್ದೆ. ಅವಳು ಒರಳುಗುಂಡನ್ನು ಇನ್ನೊಂದು ಸುತ್ತು ಜೋರಾಗಿ ತಿರುಗಿಸುತ್ತಿದ್ದಳು, ಅದೇ ನನಗೆ ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ದಿನ ಅವನ ಫೋನು. "ಲೇ ಪಂಪ್ಯಾ, ಹೊಸ ಜೀಪಿಗೆ ಕರೆಂಟಿನ ವಿಂಚ್ ತರಿಸೀನಿ. ಗುಡ್ಡದ ರಾಡಿಯೊಳಗ ಗಾಡಿ ಸಿಕ್ಕರ ತನ್ನಷ್ಟಕ್ಕ ತಾನ ಎಳಕೊಂಡು ಬರ್ತೈತಿ. ನಿನ್ನ ಬಿಟ್ರ ಯಾರಿಗೂ ಮುಟ್ಟಾಕ ಕೊಡೂದಿಲ್ಲ ನಾ." ಆ ಕೊನೆಯ ಮಾತು ಕೇಳಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಗೆಳೆಯ ಕರೆದಾನ" ಎಂದು ಹೇಳಿದ್ದಕ್ಕೆ ಸರೋಜಾ, "ಕರೆದಿದ್ದು ನಿಮ್ಮನ್ನೋ, ನಿಮ್ಮ ಪಾನಾ ಚೀಲಾನೋ, ನೋಡ್ಕೊಂಡು ಬರ್ರಿ" ಎಂದಳು. ಹೆಂಗಸರಿಗೆ ಗೆಳೆತನದ ಬೆಲೆ ತಿಳಿಯದು ಎಂದುಕೊಂಡು ಸಲಕರಣೆಯ ಚೀಲ ಎತ್ತಿದೆ.

ವಡ್ಡಿನ ಬಯಲಿನಲ್ಲಿ ಬೇವಿನ ಮರದ ಕೆಳಗೆ ಜೀಪು ನಿಂತಿತ್ತು. ಮುಂದಿನ ಬಂಪರು ಬಿಚ್ಚಿ, ಚಾಸಿಗೆ ದಪ್ಪ ಕಬ್ಬಿಣದ ತಟ್ಟೆ ಕೂರಿಸಿ, ಅದರ ಮೇಲೆ ವಿಂಚು ಇಟ್ಟು ಬೋಲ್ಟು ಬಿಗಿದೆ. ಬ್ಯಾಟರಿಯಿಂದ ಹೆಬ್ಬೆರಳು ದಪ್ಪದ ವೈರು ಎಳೆದೆ. ಬಣ್ಣ ಕೆರೆದು ಅರ್ಥ್ ಹಿಡಿಸಿದೆ. ಮೋಟರಿಗೆ ಕರೆಂಟು ಬಿಡುವ, ತಡೆಯುವ ಕೆಲಸವೆಲ್ಲ ವಿಂಚಿನ ನೆತ್ತಿಯ ಮೇಲಿನ ಒಂದು ಕರಿ ಡಬ್ಬಿಯದು. ಹುಲುಗಪ್ಪ ಟೈರಿನ ಮೇಲೆ ಕೂತು, ಮಡಿಕೆ ಮುರಿಯದ ಅಂಗಿಗೆ ಗ್ರೀಸು ಬಡಿದುಕೊಂಡು, ನನಗೆ ಬೋಲ್ಟು ಬಿಗಿಯುವ ಪಾನಾ ಕೊಡುತ್ತಿದ್ದ. ಡಬ್ಬಿಯ ಮುಚ್ಚಳದ ಸ್ಕ್ರೂಗಳನ್ನು ತಾನೇ ಹಟ ಮಾಡಿ ಬಿಗಿದ. "ಈ ಡಬ್ಬಿ ಮಳಿಗೆ ತಡೀತೈತಿ, ಆದ್ರ ಮ್ಯಾಲಿಂದ ನೀರು ಸುರೀಬ್ಯಾಡಲೇ. ಒಳಗ ಹೋದ್ರ ಮುಗೀತು" ಎಂದು ಹೇಳಿದೆ. "ಆತು ಬಿಡಲೇ, ಪಾಠ ಸಾಲ್ಯಾಗ ಮಾಡು" ಎಂದ. ವಿಂಚಿನ ಉರುಳೆಗೆ ಸುತ್ತಿದ್ದ ಹಗ್ಗವನ್ನು ಬೇವಿನ ಮರಕ್ಕೆ ಕಟ್ಟಿ ಗುಂಡಿ ಒತ್ತಿದಾಗ ಜೀಪು ಗುರ್ ಅಂತ ಮರದ ಕಡೆ ತಾನೇ ನಡೆದುಬಂತು. ಇಬ್ಬರೂ ಸಿಳ್ಳೆ ಹೊಡೆದೆವು. ನನ್ನ ಗೆಳೆಯ ನನಗೆ ವಾಪಸು ಸಿಕ್ಕ ಎಂದೇ ನಾನು ತಿಳಿದೆ.

ಮರುದಿನ ಪೂಜೆ. ನನಗೆ ಕ್ಲಾಸಿತ್ತು, ಕರೆಯೂ ಬಂದಿರಲಿಲ್ಲ. ನಮ್ಮ ಕಡೆ ಗಾಡಿ ಪೂಜೆಯೆಂದರೆ ಗಾಲಿಗೆ ನಿಂಬೆಹಣ್ಣು, ಮುಂದಿನ ನೆಲಕ್ಕೆ ಒಂದು ಕಾಯಿ. ಆದರೆ ಇದು ಗಣಿಯ ಪೂಜೆ. ಹುಲುಗಪ್ಪನ ಪಾಲುದಾರರು ಪಾಳಿ ಹಚ್ಚಿ ಒಬ್ಬೊಬ್ಬರೂ ಕಾಯಿ ಒಡೆದರಂತೆ. ಹೊಸದು ವಿಂಚಲ್ಲವೇ, ಅದಕ್ಕೇ ಬಡಿದು ಒಡೆದರು. ನೆಲಕ್ಕೆ ಒಡೆದರೆ ನೆಲಕ್ಕೆ ತಾನೇ ಪುಣ್ಯ! ಅರಿಶಿನ, ಕುಂಕುಮ, ದಾಸವಾಳ ಎಲ್ಲ ಆಯಿತು. ಇಷ್ಟೂ ನನಗೆ ಗೊತ್ತಾದದ್ದು ಆಮೇಲೆ.

ಮಳೆ ಬಿದ್ದ ಒಂದು ವಾರದಲ್ಲಿ, ನಾನು ಪಾಠ ಮಾಡುತ್ತಿದ್ದ ಹೊತ್ತಿಗೆ, ಹುಲುಗಪ್ಪನ ಒಂದು ಗಾಡಿ ಬಂದು ನನ್ನನ್ನು ಎತ್ತಿಹಾಕಿಕೊಂಡು ಸಂಡೂರಿನ ಗುಡ್ಡದ ದಾರಿಗೆ ಒಯ್ದಿತು. ಅಲ್ಲಿ ಪಾಲುದಾರನೊಬ್ಬನ ಕಾರು ಕೆಂಪು ರಾಡಿಯಲ್ಲಿ ಹೊಟ್ಟೆಯವರೆಗೆ ಕೂತಿತ್ತು. ಎದುರಿಗೆ ನಮ್ಮ ಜೀಪು, ನಡುವೆ ಜೋತುಬಿದ್ದ ಹಗ್ಗ. ಹುಲುಗಪ್ಪ ಗುಂಡಿ ಒತ್ತಿದರೆ ವಿಂಚು ಟಕ್ ಅನ್ನುತ್ತಿತ್ತು, ಮತ್ತೇನೂ ಇಲ್ಲ. ಬಿಳಿ ಬೂಟಿನ ಪಾಲುದಾರರು ಬಂಡೆಯ ಮೇಲೆ ನಿಂತು ನಗುತ್ತಿದ್ದರು. ಹುಲುಗಪ್ಪ ನನ್ನ ಕಡೆ ತಿರುಗಿ, "ಏನ್ರಿ ಮೇಷ್ಟ್ರ, ಏನು ಫಿಟ್ ಮಾಡೀರಿ ನೀವು?" ಎಂದ. ನನ್ನ ಹಿಂದೆ ಇನ್ನೊಬ್ಬ ಮೇಷ್ಟ್ರು ನಿಂತಿದ್ದಾನೇನೋ ಎಂದು ತಿರುಗಿ ನೋಡಿದೆ.

ಕೆಲಸ ಗೊತ್ತಿದ್ದವನಿಗೆ ಅವಮಾನದಲ್ಲೂ ಒಂದು ಆಸರೆಯಿರುತ್ತದೆ, ಕೈ ತನ್ನಷ್ಟಕ್ಕೆ ಹುಡುಕುತ್ತಿರುತ್ತದೆ. ಬ್ಯಾಟರಿ ನೋಡಿದೆ, ಗಟ್ಟಿ. ಅರ್ಥ್ ನೋಡಿದೆ, ಗಟ್ಟಿ. ಡಬ್ಬಿಯನ್ನು ಬಿಟ್ಟು ಮೋಟರಿಗೇ ನೇರ ವೈರು ಕೊಟ್ಟೆ, ಗಿರ್ರನೆ ತಿರುಗಿತು. ಉಳಿದದ್ದು ಡಬ್ಬಿ. ಮುಚ್ಚಳ ತೆಗೆದರೆ ಒಳಗೊಂದು ಗರ್ಭಗುಡಿ! ಕುಂಕುಮದ ಕೆಸರು, ಒಂದು ದಾಸವಾಳದ ಎಸಳು, ತಾಮ್ರದ ಮೇಲೆಲ್ಲ ಹಸಿರು ಕಿಲುಬು, ಹುಳಿತ ಕಾಯಿನೀರಿನ ವಾಸನೆ. ಪಾಲುದಾರರ ಮೂಗಿಗೆ ಹಿಡಿದು ತೋರಿಸಿದೆ. "ಕಾಯಿ ನೀರು ಒಳಗ ಹೋಗೈತಿ. ಅದರ ಮ್ಯಾಲ ಒಡದಿದ್ದಕ್ಕ ಹಿಂಗಾಗೈತಿ."

ಕಾರು ಸಿಕ್ಕಿಸಿಕೊಂಡ ಪಾಲುದಾರ ಕೇಳಿದ, "ಅಂದ್ರ, ನಾವು ದೇವ್ರಿಗೆ ಮಾಡಿದ್ದ ತಪ್ಪು ಅಂತೀರೇನು?" ನಾನು ಹುಲುಗಪ್ಪನ ಮುಖ ನೋಡಿದೆ. ಅವನೂ ನನ್ನ ಮುಖ ನೋಡಿದ. ಮುಚ್ಚಳದ ಸ್ಕ್ರೂ ಬಿಗಿದದ್ದು ಅವನ ಕೈ, ನೀರು ಸುರಿಯಬೇಡ ಎಂದದ್ದನ್ನು ಕೇಳಿಸಿಕೊಂಡದ್ದು ಅವನ ಕಿವಿ. ಅಷ್ಟೆಲ್ಲ ಗೊತ್ತಿದ್ದೂ ಅವನು ಆ ಪಾಲುದಾರನ ಕಡೆ ತಿರುಗಿ, "ಇಲ್ರೀ ಅಣ್ಣಾರ, ಮೇಷ್ಟ್ರು ಮುಚ್ಚಳ ಸಡ್ಲ ಬಿಟ್ಟಾರ" ಎಂದ. ನಾನು ಮುಚ್ಚಳವನ್ನು ಮತ್ತೆ ಕೂರಿಸಿ, ಒಂದೊಂದೇ ಸ್ಕ್ರೂ ಬಿಗಿದೆ. ಅಷ್ಟರಲ್ಲಿ ಗಣಿಯಿಂದ ಮಣ್ಣು ಬಗೆಯುವ ಯಂತ್ರ ಬಂದು ಕಾರನ್ನು ಬೆಕ್ಕಿನ ಮರಿ ಎತ್ತಿದಂತೆ ಎತ್ತಿಟ್ಟಿತು. ಹೊಸ ಡಬ್ಬಿ ತರಿಸಿದರೆ ಸರಿ ಮಾಡುತ್ತೇನೆ ಎಂದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ವಾಪಸು ಬಿಡಲು ಗಾಡಿ ಕಳಿಸುವುದನ್ನೂ ಮರೆತರು. ಅದಿರಿನ ಲಾರಿಯೊಂದರಲ್ಲಿ ಕೂತು, ಕುಂಕುಮದಲ್ಲಿ ಅದ್ದಿ ತೆಗೆದವನ ಹಾಗೆ ಮನೆ ಸೇರಿದೆ. ಸರೋಜಾ ಸ್ನಾನಕ್ಕೆ ನೀರು ಕಾಯಿಸಿದಳು.

ತಿಂಗಳು ಕಳೆದ ಮೇಲೆ ಮತ್ತೆ ಹುಲುಗಪ್ಪನ ಫೋನು. ಯಾರೋ ದೊಡ್ಡವರು ಹಂಪಿ ನೋಡಲು ಬರುತ್ತಾರಂತೆ, ಅದೇ ಜೀಪಿನಲ್ಲಿ ಸುತ್ತಿಸಬೇಕಂತೆ. "ಡಬ್ಬಿ ಗಿಬ್ಬಿ ಏನೂ ಬ್ಯಾಡ್ರಿ. ವಿಂಚಿನ ಗುಂಡಿ ಒತ್ತಿದ್ರ ಒಂದು ಕೆಂಪು ಲೈಟ್ ಹತ್ತಬೇಕು, ಅಷ್ಟ. ಎಳಿಯೂದು ಯಾರು ನೋಡ್ತಾರ?" ಬೇಡವೆಂದು ಹೇಳಲು ಸಾಕಷ್ಟು ಮಾತು ಕೂಡಿಸಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು, "ಎಷ್ಟೊತ್ತಿಗೆ ಬರಲಿ?" ಹೋದರೆ ಒಬ್ಬನೇ ಸಿಕ್ಕಾನು, ಆ ದಿನ ಹಾಗಂದದ್ದು ತಪ್ಪಾಯಿತು ಅಂದಾನು ಎಂಬ ಆಸೆ.

ಹಂಪಿಯ ಬಜಾರಿನ ಹತ್ತಿರ ಜೀಪಿನ ಮುಂದೆ ಮಂಡಿಯೂರಿ, ಸತ್ತ ವಿಂಚಿಗೆ ಒಂದು ಲೈಟು ಕೂರಿಸಿದೆ. ಹುಲುಗಪ್ಪ ಒಬ್ಬನೇ ಇರಲಿಲ್ಲ, ಒಬ್ಬನೇ ಆಗಲೂ ಇಲ್ಲ. ದೊಡ್ಡವರು ಬಂದು ಗುಂಡಿ ಒತ್ತಿದರು. ಲೈಟು ಹತ್ತಿತು. "ಪವರ್‌ಫುಲ್!" ಎಂದರು. ಆಮೇಲೆ ನನ್ನನ್ನು ನೋಡಿ, "ಇವರು?" ಎಂದು ಕೇಳಿದರು. ಹುಲುಗಪ್ಪ ಬಾನೆಟ್ಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಒಂದು ಮಾತು ಅವನ ತುಟಿಯವರೆಗೆ ಬಂದಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ಅದು ಹೊರಬಿದ್ದರೆ ಅವನಿಗೆ ಮುಜುಗರ, ಬೀಳದಿದ್ದರೆ ನನಗೆ. ಅಷ್ಟರಲ್ಲಿ ನಾನೇ ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಕೈ ಮುಗಿದು ಹೇಳಿದೆ: "ನಾನು ಸಾವ್ಕಾರ್ರ ಗಾಡಿ ಎಲೆಕ್ಟ್ರಿಷಿಯನ್ ರೀ."